ಪತ್ರಿಕೆ ಹುಟ್ಟಿದ್ದು ಹೇಗೆ, ಮೈಸೂರಿಗೆ ಬಂದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಿಕೋದ್ಯಮ ಓದುವ ಹುಡುಗರು, ಬೆಳಗ್ಗೆ ಪೇಪರ್ ಸಿಗದಿದ್ದರೆ ಕಾಫಿ ಇಳಿಯದ ಹಿರಿಯರು, ಪರೀಕ್ಷೆಗೆ ಕೂತವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೈಸೂರು ಮತ್ತು ಮಂಡ್ಯದ ಕಥೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಅದು ಪಠ್ಯಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ, ಅದಕ್ಕೆ.

ಜಗತ್ತಿನ ಮೊದಲ ಪತ್ರಿಕೆ ಯಾವುದು?

ಪರೀಕ್ಷೆಯಲ್ಲಿ ಎಲ್ಲರೂ ಬರೆಯುವ ಉತ್ತರ ರೋಮ್‌ನ 'ಆಕ್ಟಾ ಡಿಯುರ್ನಾ'. ಕ್ರಿಸ್ತಪೂರ್ವ 59ರಲ್ಲಿ ಜೂಲಿಯಸ್ ಸೀಸರ್ ಶುರು ಮಾಡಿಸಿದ್ದು. ಸಭೆಯ ನಡಾವಳಿ, ರಾಜ್ಯದ ಸುದ್ದಿ ಬರೆದು ಜನ ಓಡಾಡುವ ಕಡೆ ಇಡುತ್ತಿದ್ದರು. ಚೀನಾದಲ್ಲಿಯೂ ತಾಂಗ್ ಅರಸರ ಕಾಲದಲ್ಲಿ ಆಸ್ಥಾನದ ಸುದ್ದಿಯ ಓಲೆಗಳು ಅಧಿಕಾರಿಗಳಿಗೆ ಹೋಗುತ್ತಿದ್ದವು. ಆದರೆ ಇವೆರಡೂ ಸರ್ಕಾರ ತಾನೇ ಹೇಳಿಕೊಂಡ ಸುದ್ದಿ. ಇವತ್ತಿನ ಲೆಕ್ಕದಲ್ಲಿ ವಾರ್ತಾ ಇಲಾಖೆಯ ಪ್ರಕಟಣೆ ಅನ್ನಬಹುದು.

ಅಚ್ಚಾಗಿ, ಗೊತ್ತಾದ ದಿನಕ್ಕೆ ಬಂದು, ದುಡ್ಡು ಕೊಟ್ಟವರಿಗೆಲ್ಲ ಸಿಗುವುದು ಪತ್ರಿಕೆ ಅನ್ನುವುದಾದರೆ, ಮೊದಲನೆಯದು ಸ್ಟ್ರಾಸ್‌ಬರ್ಗ್ ಊರಿನ 'ರೆಲಾಟಿಯೋನ್'. 1605ರಲ್ಲಿ ಯೋಹಾನ್ ಕರೋಲಸ್ ಹೊರತಂದ ವಾರಪತ್ರಿಕೆ. ಅವನು ಅದಕ್ಕೂ ಮೊದಲು ಸುದ್ದಿಯನ್ನು ಕೈಯಲ್ಲಿ ಬರೆಸಿ ಚಂದಾದಾರರಿಗೆ ಕಳಿಸುತ್ತಿದ್ದ. ನಕಲು ಮಾಡಿಸುವ ಕೆಲಸ ನಿಧಾನ ಅಂತ ಅಚ್ಚಿಗೆ ಇಳಿದ. ಮೊದಲ ದಿನಪತ್ರಿಕೆ 1650ರಲ್ಲಿ ಲೈಪ್‌ಜಿಗ್‌ನಲ್ಲಿ ಬಂತು. ಇಂಗ್ಲೆಂಡಿನಲ್ಲಿ 1702ರ 'ಡೈಲಿ ಕೂರಂಟ್'. ಅದನ್ನು ಶುರು ಮಾಡಿದ್ದು ಎಲಿಜಬೆತ್ ಮ್ಯಾಲೆಟ್ ಎಂಬ ಹೆಂಗಸು. ಇದನ್ನು ಯಾಕೋ ಯಾರೂ ಪ್ರಶ್ನೆಪತ್ರಿಕೆಯಲ್ಲಿ ಕೇಳುವುದಿಲ್ಲ.

ಗುಟೆನ್‌ಬರ್ಗ್‌ನ ಅಚ್ಚು 1450ರ ಹೊತ್ತಿಗೇ ಇತ್ತಲ್ಲ? ಪತ್ರಿಕೆಗೆ ನೂರೈವತ್ತು ವರ್ಷ ಯಾಕೆ ಹಿಡಿಯಿತು?

ಅಚ್ಚಿನ ಯಂತ್ರ ಒಂದೇ ಇದ್ದರೆ ಸಾಲದು. ಸುದ್ದಿ ವಾರ ವಾರ ಬಂದು ತಲುಪಬೇಕಲ್ಲ? ಯುರೋಪಿನಲ್ಲಿ ಊರಿಂದ ಊರಿಗೆ ಗೊತ್ತಾದ ದಿನಕ್ಕೆ ಹೋಗುವ ಅಂಚೆ ಬೇರೂರಿದ ಮೇಲೆಯೇ ವಾರಪತ್ರಿಕೆ ಹುಟ್ಟಿದ್ದು. ಅಂಚೆ ವಾರಕ್ಕೊಮ್ಮೆ ಬರುತ್ತಿತ್ತು, ಹಾಗಾಗಿ ಪತ್ರಿಕೆಯೂ ವಾರಕ್ಕೊಮ್ಮೆ. ಪತ್ರಿಕೆಯ ಇತಿಹಾಸವನ್ನು ಅಚ್ಚುಕೂಟದಿಂದ ಶುರು ಮಾಡುವವರು ಅಂಚೆಯವನನ್ನು ಮರೆತುಬಿಡುತ್ತಾರೆ.

ಪತ್ರಿಕೆ ಬರುವ ಮೊದಲು ಮೈಸೂರು ಸೀಮೆಯಲ್ಲಿ ಸುದ್ದಿ ಹೇಗೆ ಓಡಾಡುತ್ತಿತ್ತು?

ಅಂಚೆಯ ಮಾತು ಬಂತಲ್ಲ, ಆ ವಿಷಯದಲ್ಲಿ ಮೈಸೂರು ಹಿಂದೆ ಬಿದ್ದಿರಲಿಲ್ಲ. ಹದಿನೇಳನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಅಂಚೆ ವ್ಯವಸ್ಥೆ ಕಟ್ಟಿದರು. ಓಲೆ ಸಾಗಿಸುವುದರ ಜೊತೆಗೆ ಊರಿನಲ್ಲಿ ಏನು ನಡೆಯುತ್ತಿದೆ ಅಂತ ಅರಮನೆಗೆ ತಿಳಿಸುವುದೂ ಅಂಚೆಯವರ ಕೆಲಸವಾಗಿತ್ತು. ಒಂದು ರೀತಿಯಲ್ಲಿ ಅವರೇ ನಮ್ಮ ಮೊದಲ ವರದಿಗಾರರು. ಓದುಗ ಮಾತ್ರ ಒಬ್ಬನೇ, ರಾಜ. ಮೈಸೂರಿನ ಈ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯ ಜೊತೆ ಸೇರಿಹೋಯಿತು.

ಜನರಿಗೆ ಸುದ್ದಿ ಸಿಗುತ್ತಿದ್ದುದು ತಮಟೆ ಸಾರುವವನಿಂದ, ಸಂತೆಯಲ್ಲಿ, ಜಾತ್ರೆಯಲ್ಲಿ, ಗಾಡಿ ಹೊಡೆಯುವವರ ಬಾಯಲ್ಲಿ. ದೊಡ್ಡ ಅಪ್ಪಣೆ, ದಾನ ಇದ್ದರೆ ಕಲ್ಲಿನ ಶಾಸನ. ಕಲ್ಲಲ್ಲಿ ಕೊರೆದದ್ದು ಶತಮಾನ ಉಳಿಯಿತು, ಸಂತೆಯ ಸುದ್ದಿ ಸಂಜೆಗೆ ಮುಗಿಯಿತು. ಈ ಎರಡರ ನಡುವೆ ಇರುವ ಜಾಗವನ್ನು ಪತ್ರಿಕೆ ತುಂಬಿತು.

ಭಾರತದಲ್ಲಿ ಮೊದಲು ಪತ್ರಿಕೆ ತಂದವರು ಯಾರು?

ಜೇಮ್ಸ್ ಅಗಸ್ಟಸ್ ಹಿಕಿ. 1780ರ ಜನವರಿ 29ರಂದು ಕಲ್ಕತ್ತೆಯಲ್ಲಿ 'ಬೆಂಗಾಲ್ ಗೆಜೆಟ್' ವಾರಪತ್ರಿಕೆ ಹೊರಬಂತು. ಅದಕ್ಕೂ ಮೊದಲು, 1768ರಲ್ಲಿ, ವಿಲಿಯಂ ಬೋಲ್ಟ್ಸ್ ಎಂಬಾತ ಅಚ್ಚುಕೂಟ ತೆರೆಯುವ ಇಂಗಿತದ ಚೀಟಿ ಅಂಟಿಸಿದ್ದ. ಕಂಪನಿ ಸರ್ಕಾರ ಅವನನ್ನೇ ಹಡಗು ಹತ್ತಿಸಿತು.

ಹಿಕಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ನನ್ನೇ ಕೆಣಕಿದ. ಜೈಲಿಗೆ ಹೋದ. ಜೈಲಿನಲ್ಲಿ ಕೂತೂ ಪತ್ರಿಕೆ ನಡೆಸಿದ. ಕೊನೆಗೆ 1782ರಲ್ಲಿ ಅವನ ಅಚ್ಚುಮೊಳೆಗಳನ್ನೇ ಜಪ್ತಿ ಮಾಡಿದರು, ಪತ್ರಿಕೆ ನಿಂತಿತು. ಅವನ ಬರಹದಲ್ಲಿ ಚಾಡಿ, ಗಾಸಿಪ್ ಬೇಕಾದಷ್ಟಿತ್ತು. ಹಾಗಂತ ಅವನನ್ನು ತಳ್ಳಿಹಾಕುವಂತಿಲ್ಲ. ಪತ್ರಿಕೆ ನಡೆಸಲು ಯಾರ ಅಪ್ಪಣೆ ಬೇಕು, ಯಾರ ದುಡ್ಡು ಬೇಕು? ಹಿಕಿಯಿಂದ ಇವತ್ತಿನವರೆಗೂ ಪತ್ರಿಕೋದ್ಯಮದ ಕಥೆ ಈ ಎರಡು ಪ್ರಶ್ನೆಯ ಸುತ್ತಲೇ ಇದೆ. ಮುಂದಿನ ಉತ್ತರಗಳನ್ನು ಓದುವಾಗ ಇವನ್ನು ತಲೆಯಲ್ಲಿಟ್ಟುಕೊಳ್ಳಿ.

ಶ್ರೀರಂಗಪಟ್ಟಣಕ್ಕೂ ಪತ್ರಿಕಾ ಸೆನ್ಸಾರ್‌ಗೂ ಸಂಬಂಧ ಇದೆ ಅಂತಾರೆ. ನಿಜವಾ?

ನಿಜ. ಟಿಪ್ಪು ಸುಲ್ತಾನ್ ಕೋಟೆಯಲ್ಲಿ ಸತ್ತದ್ದು 1799ರ ಮೇ 4ರಂದು. ಅದೇ ತಿಂಗಳು ಗವರ್ನರ್ ಜನರಲ್ ವೆಲ್ಲೆಸ್ಲಿ ಪತ್ರಿಕೆಗಳ ಮೇಲೆ ನಿಯಮ ಹೇರಿದ. ಮೈಸೂರಿನ ಯುದ್ಧ ನಡೆಯುತ್ತಿತ್ತು, ಟಿಪ್ಪುವಿಗೆ ಫ್ರೆಂಚರ ನಂಟಿತ್ತು. ಸೈನ್ಯ ಎಲ್ಲಿದೆ, ಹಡಗು ಎಲ್ಲಿದೆ ಅನ್ನುವುದು ಪತ್ರಿಕೆಯಿಂದ ಶತ್ರುವಿಗೆ ಗೊತ್ತಾಗಬಾರದು ಅನ್ನುವುದು ಕಾರಣ.

ನಿಯಮ ಹೀಗಿತ್ತು: ಪ್ರತಿ ಸಂಚಿಕೆಯಲ್ಲೂ ಮುದ್ರಕನ ಹೆಸರು ಇರಬೇಕು, ಸಂಪಾದಕ ಮತ್ತು ಮಾಲೀಕ ತಮ್ಮ ಹೆಸರು, ವಿಳಾಸವನ್ನು ಸರ್ಕಾರಕ್ಕೆ ತಿಳಿಸಬೇಕು, ಅಚ್ಚಾಗುವ ಮೊದಲು ಎಲ್ಲವನ್ನೂ ಸರ್ಕಾರದ ಕಾರ್ಯದರ್ಶಿಗೆ ತೋರಿಸಬೇಕು. ಮೀರಿದರೆ ಸೀದಾ ಯುರೋಪಿನ ಹಡಗು. ಮೊದಲೇ ತೋರಿಸುವ ಈ ಪದ್ಧತಿ 1818ರವರೆಗೂ ಇತ್ತು. ಯುದ್ಧ ಮೇ ತಿಂಗಳಲ್ಲೇ ಮುಗಿದಿತ್ತು, ನಿಯಮ ಹತ್ತೊಂಬತ್ತು ವರ್ಷ ಉಳಿಯಿತು. ತುರ್ತಿಗೆ ಅಂತ ತಂದ ಕಾನೂನು ತುರ್ತು ಮುಗಿದ ಮೇಲೆ ತಾನಾಗಿ ಹೋಗುವುದಿಲ್ಲ. ಕೋಟೆ ನೋಡಲು ಬರುವವರಿಗೆ ಗೈಡ್‌ಗಳು ಇದನ್ನು ಹೇಳುವುದಿಲ್ಲ, ಹೇಳಬೇಕಿತ್ತು.

ಕನ್ನಡದ ಮೊದಲ ಪತ್ರಿಕೆ ಮಂಗಳೂರಿನಲ್ಲಿ ಯಾಕೆ? ಮೈಸೂರಿನಲ್ಲಿ ರಾಜರೇ ಇದ್ದರಲ್ಲ?

ಈ ಪ್ರಶ್ನೆಯನ್ನು ಮೈಸೂರಿನವರು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಕೇಳುತ್ತಾರೆ. 1843ರ ಜುಲೈ 1ರಂದು ಕ್ರೈಸ್ತ ಪ್ರಚಾರಕರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ತಂದರು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಕಲ್ಲಚ್ಚಿನ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿದ) ಪತ್ರಿಕೆ. ಊರಿನ ವರ್ತಮಾನ, ಸರ್ಕಾರದ ಆಜ್ಞೆ, ಹೊರದೇಶದ ಸುದ್ದಿ, ಜೊತೆಗೆ ದಾಸರ ಪದ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಅಲ್ಲಿ ಅಚ್ಚುಮೊಳೆಯ ಮುದ್ರಣವಿತ್ತು. ಜುಲೈ 1 ಈಗ ನಮ್ಮಲ್ಲಿ ಪತ್ರಿಕಾ ದಿನ.

ಕಾರಣ ಸರಳ. ಮಿಷನ್ನಿನವರಿಗೆ ಯಂತ್ರ ಇತ್ತು, ದುಡ್ಡು ಇತ್ತು, ಜನರಿಗೆ ತಲುಪಿಸಬೇಕಾದ ಮಾತೂ ಇತ್ತು. ಮೈಸೂರಿನಲ್ಲಿ 1831ರಿಂದ ಆಡಳಿತವೇ ರಾಜರ ಕೈಯಲ್ಲಿರಲಿಲ್ಲ, ಬ್ರಿಟಿಷ್ ಕಮಿಷನರ್ ನೋಡಿಕೊಳ್ಳುತ್ತಿದ್ದ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪುಸ್ತಕದ ಮೇಲೆ ಪ್ರೀತಿ ಇತ್ತು, ಅರಮನೆಯಲ್ಲಿ ಅಚ್ಚುಕೂಟವೂ ಇತ್ತು. ಆದರೆ ಪುಸ್ತಕ ಅಚ್ಚು ಮಾಡುವುದೇ ಬೇರೆ, ಪತ್ರಿಕೆ ನಡೆಸುವುದೇ ಬೇರೆ.

ಹಾಗಾದರೆ ಮೈಸೂರಿನ ಮೊದಲ ಪತ್ರಿಕೆ?

'ಮೈಸೂರು ವೃತ್ತಾಂತ ಬೋಧಿನಿ', 1859. ತಂದವರು ಭಾಷ್ಯಂ ಭಾಷ್ಯಾಚಾರ್ಯರು. ಬೇಗ ನಿಂತುಹೋಯಿತು. ಮೈಸೂರಿನಲ್ಲಿ ಪತ್ರಿಕೆಗಳು ಸಾಲಾಗಿ ಬಂದದ್ದು 1881ರ ನಂತರ. ಆ ವರ್ಷ ಎರಡು ಸಂಗತಿ ನಡೆದವು: ಆಡಳಿತ ಒಡೆಯರ ಕೈಗೆ ಮರಳಿತು, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ದಸರಾ ಹೊತ್ತಿಗೆ ಊರೂರಿನಿಂದ ಪ್ರತಿನಿಧಿಗಳು ಮೈಸೂರಿಗೆ ಬಂದು ಕೆರೆ, ಕಂದಾಯ, ರಸ್ತೆಯ ಬಗ್ಗೆ ದೂರು ಹೇಳುತ್ತಿದ್ದರು. ಸಭೆಗೆ ಅಧಿಕಾರ ಅಷ್ಟೇನೂ ಇರಲಿಲ್ಲ. ಆದರೆ ಬರೆಯುವವನಿಗೆ ವಿಷಯ ಸಿಕ್ಕಿತು. 'ಮೈಸೂರು ಸ್ಟಾರ್' ಬಂತು, ವೆಸ್ಲಿಯನ್ ಮಿಷನ್ನಿನ 'ವೃತ್ತಾಂತ ಪತ್ರಿಕೆ' ಬಂತು. ಮತ್ತೆ ತಾತಯ್ಯ ಬಂದರು.

ತಾತಯ್ಯ ಅಂದರೆ ಪ್ರತಿಮೆ ಇದೆಯಲ್ಲ, ಅವರೇನಾ?

ಅವರೇ. ಹೆಸರು ಎಂ. ವೆಂಕಟಕೃಷ್ಣಯ್ಯ. 1844ರಿಂದ 1933ರವರೆಗೆ ಬದುಕಿದ್ದರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು. ಅನಾಥಾಲಯ ಕಟ್ಟಿದವರು. ಮಹಾರಾಜರು 'ದಯಾಸಾಗರ' ಬಿರುದು ಕೊಟ್ಟರು. ಮೈಸೂರಿನ ವೃದ್ಧ ಪಿತಾಮಹ ಅಂತ ಜನ ಕರೆದರು. ಇದೆಲ್ಲ ಪ್ರತಿಮೆಯ ತಾತಯ್ಯ.

ನನಗೆ ಇಷ್ಟವಾಗುವುದು ಪತ್ರಿಕೆಯ ತಾತಯ್ಯ. 'ಹಿತಬೋಧಿನಿ', 'ವೃತ್ತಾಂತ ಚಿಂತಾಮಣಿ', 'ಸಾಧ್ವಿ', 'ಸಂಪದಭ್ಯುದಯ', 'ಪೌರ ಸಾಮಾಜಿಕ ಪತ್ರಿಕೆ' ಕನ್ನಡದಲ್ಲಿ. 'ಮೈಸೂರು ಹೆರಾಲ್ಡ್', 'ಮೈಸೂರು ಪೇಟ್ರಿಯಟ್' ಇಂಗ್ಲಿಷಿನಲ್ಲಿ. ಒಂದು ನಿಂತರೆ ಇನ್ನೊಂದು. ಕೆಲವನ್ನು ತಾವೇ ಶುರು ಮಾಡಿದರು, ಕೆಲವನ್ನು ಬೇರೆಯವರ ಜೊತೆ ನಡೆಸಿದರು. ಒಬ್ಬ ಮೇಷ್ಟ್ರು ಇಷ್ಟೆಲ್ಲ ಹೇಗೆ ನಡೆಸಿದರು ಅಂತ ಆಶ್ಚರ್ಯ ಆಗುತ್ತದೆ. ಲಾಭಕ್ಕಂತೂ ಅಲ್ಲ.

ಅವರ ದೊಡ್ಡ ಜಗಳ ದಿವಾನರ ಜೊತೆ. ಶೇಷಾದ್ರಿ ಅಯ್ಯರ್ 1883ರಿಂದ 1901ರವರೆಗೆ ದಿವಾನರು. ದೊಡ್ಡ ಕೆಲಸಗಾರರು. ಆದರೆ ಮದರಾಸಿನಿಂದ ಬಂದವರಿಗೇ ಒಳ್ಳೆಯ ಹುದ್ದೆಗಳೆಲ್ಲ ಹೋಗುತ್ತಿವೆ, ಮೈಸೂರಿನವರಿಗೆ ಸಿಗುತ್ತಿಲ್ಲ ಅಂತ ತಾತಯ್ಯನವರ ಪತ್ರಿಕೆಗಳು ಬರೆದವು. ಒಂದು ವಿಷಯ ಗಮನಿಸಿ. ಮಹಾರಾಜರ ಬಗ್ಗೆ ಅವರ ಭಕ್ತಿ ಕಡಿಮೆಯಾಗಲಿಲ್ಲ, ಬೈಗುಳ ದಿವಾನರಿಗೆ ಮಾತ್ರ. ಮೈಸೂರಿನ ಪತ್ರಿಕೆಗಳು ಬಹಳ ಕಾಲ ಹೀಗೇ ನಡೆದವು: ಸಿಂಹಾಸನಕ್ಕೆ ಕೈಮುಗಿದು, ಕಚೇರಿಯ ಮೇಲೆ ಹರಿಹಾಯ್ದು. ಇದನ್ನು ಹೆದರಿಕೆ ಅನ್ನುವವರಿದ್ದಾರೆ. ನಾನು ಜಾಣತನ ಅನ್ನುತ್ತೇನೆ.

1908ರ ಕಾಯ್ದೆ ಏನು?

ದಿವಾನ್ ವಿ.ಪಿ. ಮಾಧವರಾವ್ ಕಾಲದಲ್ಲಿ ಬಂದ ಮೈಸೂರು ವೃತ್ತಪತ್ರಿಕೆಗಳ ನಿಬಂಧನೆ. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ತರುವಂತಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ವಾಪಸ್ ತೆಗೆದುಕೊಳ್ಳಬಹುದು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ 'ಕೇಸರಿ'ಯ ಬರಹಕ್ಕಾಗಿ ತಿಲಕರಿಗೆ ಆರು ವರ್ಷ ಶಿಕ್ಷೆಯಾಗಿ ಮಂಡಾಲೆಗೆ ಕಳಿಸಿದರು. ಗಾಳಿ ಹೇಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ.

ಅರವತ್ತು ದಾಟಿದ್ದ ತಾತಯ್ಯ ಏನು ಮಾಡಿದರು ಗೊತ್ತಾ? ಅನುಮತಿಗೆ ಅರ್ಜಿ ಹಿಡಿದು ನಿಲ್ಲುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಮಾದರಿ ಸಂಸ್ಥಾನ ಅಂತ ಮೈಸೂರನ್ನು ಹೊಗಳುವಾಗ ಈ ಪುಟವನ್ನೂ ತಿರುವಬೇಕು. ವಿದ್ಯುತ್ತು, ಶಾಲೆ, ರಸ್ತೆ ವಿಷಯದಲ್ಲಿ ಮುಂದಿದ್ದ ಸರ್ಕಾರವೇ ಪತ್ರಿಕೆಯ ವಿಷಯದಲ್ಲಿ ಇಷ್ಟು ಬಿಗಿಯಾಗಿತ್ತು.

ಹೆಂಗಸರು ಯಾರೂ ಪತ್ರಿಕೆ ನಡೆಸಲಿಲ್ಲವಾ?

ನಂಜನಗೂಡಿಗೆ ಹೋದರೆ ದೇವಸ್ಥಾನದ ಜೊತೆ ತಿರುಮಲಾಂಬ ಅವರನ್ನೂ ನೆನೆಸಿಕೊಳ್ಳಿ. 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲೇ ಮದುವೆ, ಬಾಲ್ಯದಲ್ಲೇ ವೈಧವ್ಯ. ಮನೆಯಲ್ಲಿ ಕೂತು ಓದಿದರು, ಬರೆದರು. 'ಸತೀಹಿತೈಷಿಣಿ' ಗ್ರಂಥಮಾಲೆ ಕಟ್ಟಿ ಪುಸ್ತಕ ಪ್ರಕಟಿಸಿದರು. 1917ರಲ್ಲಿ 'ಕರ್ನಾಟಕ ನಂದಿನಿ' ಮಾಸಪತ್ರಿಕೆ ಶುರು ಮಾಡಿದರು. ಸಣ್ಣ ಊರಿನ ಒಬ್ಬ ವಿಧವೆ ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಆಗಿ ನಿಂತದ್ದು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ 'ಸರಸ್ವತಿ' ಮಾಸಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು.

ಆಗ ಅಚ್ಚುಕೂಟದಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು?

ಈಗಿನ ಹುಡುಗರಿಗೆ ನಂಬುವುದು ಕಷ್ಟ. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಅಚ್ಚುಮೊಳೆ. ಒಂದೊಂದು ಅಕ್ಷರಕ್ಕೆ ಒಂದೊಂದು ಗೂಡು. ಕಂಪೋಸಿಟರ್ ನಿಂತುಕೊಂಡು ಒಂದೊಂದೇ ಮೊಳೆ ಹೆಕ್ಕಿ, ತಲೆಕೆಳಗಾಗಿ ಸಾಲು ಜೋಡಿಸಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿದರೂ ಲೆಕ್ಕಕ್ಕೆ ಸಿಗುತ್ತದೆ. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತು ಬೇರೆ. ನೂರಾರು ಗೂಡು. 'ಸ್ತ್ರೀ' ಅನ್ನುವ ಒಂದು ಅಕ್ಷರಕ್ಕೆ ಕೈ ಎಷ್ಟು ಕಡೆ ಓಡಬೇಕು, ಯೋಚನೆ ಮಾಡಿ.

ಜೋಡಿಸಿದ್ದನ್ನು ಗ್ಯಾಲಿ ಎಂಬ ತಟ್ಟೆಗೆ ಹಾಕಿ, ಮಸಿ ಬಳಿದು ಪ್ರೂಫ್ ತೆಗೆದು, ತಿದ್ದಿ, ಪುಟ ಕಟ್ಟಿ, ಟ್ರೆಡಲ್ ಮೇಲೆ ಕಾಲಲ್ಲಿ ತುಳಿದು ಅಚ್ಚು ಹಾಕುವುದು. ಮುಗಿದ ಮೇಲೆ ಮೊಳೆಗಳನ್ನೆಲ್ಲ ಮತ್ತೆ ಗೂಡಿಗೆ ಹಂಚಬೇಕು. ಸಣ್ಣ ಪ್ರೆಸ್‌ನಲ್ಲಿ ಮೊಳೆ ಸಾಲದೆ ಇದ್ದರೆ ಮೊದಲ ಎರಡು ಪುಟ ಅಚ್ಚಾಗಿ, ಮೊಳೆ ಬಿಚ್ಚಿದ ಮೇಲೆಯೇ ಉಳಿದ ಪುಟ. ಕನ್ನಡ ದಿನಪತ್ರಿಕೆಗಳು ತಡವಾಗಿ ಬೆಳೆದದ್ದಕ್ಕೆ ಓದುಗರು ಕಡಿಮೆ ಅನ್ನುವುದು ಒಂದು ಕಾರಣವಾದರೆ, ಈ ಕೈಕೆಲಸದ ಹೊರೆ ಇನ್ನೊಂದು. ಕಂಪ್ಯೂಟರಿನಲ್ಲೇ ಅಕ್ಷರ ಜೋಡಿಸುವ ಡಿಟಿಪಿ ಮತ್ತು ಆಫ್‌ಸೆಟ್ ಮುದ್ರಣ ಬಂದು ಈ ಗೂಡುಗಳನ್ನೆಲ್ಲ ಗುಜರಿಗೆ ಕಳಿಸಿದವು. ಸಂಪಾದಕರ ಹೆಸರು ಇತಿಹಾಸದಲ್ಲಿ ಉಳಿಯಿತು, ಕಂಪೋಸಿಟರ್‌ಗಳ ಹೆಸರು ಉಳಿಯಲಿಲ್ಲ. ಎಷ್ಟೋ ಸಂಪಾದಕರ ಕಾಗುಣಿತ ತಿದ್ದಿದವರು ಅವರೇ.

ಸುದ್ದಿಯ ಮುಖ್ಯ ಅಂಶ ಮೊದಲ ಸಾಲಿನಲ್ಲೇ ಬರಬೇಕು ಅನ್ನುವ ನಿಯಮ ಎಲ್ಲಿಂದ ಬಂತು?

ತಂತಿಯ ಕಾಲದಲ್ಲಿ ಬಲವಾದ ಪದ್ಧತಿ. ಟೆಲಿಗ್ರಾಫಿನಲ್ಲಿ ಪದಕ್ಕಿಷ್ಟು ಅಂತ ಕಾಸು, ತಂತಿ ಯಾವಾಗ ಕಡಿಯುತ್ತದೋ ಗೊತ್ತಿಲ್ಲ. ಪುಟದಲ್ಲಿ ಜಾಗ ಸಾಲದಿದ್ದರೆ ಕೊನೆಯ ಸಾಲುಗಳನ್ನು ಸುಮ್ನೆ ಕತ್ತರಿಸಬಹುದು ಅನ್ನುವುದು ಸಂಪಾದಕರಿಗೆ ಸಿಕ್ಕ ಲಾಭ.

ಪತ್ರಿಕೆ ಇಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ?

ನೀವು ಕೊಡುವ ದುಡ್ಡಿನಲ್ಲಿ ಕಾಗದದ ಖರ್ಚೂ ಹುಟ್ಟುವುದಿಲ್ಲ. 1833ರಲ್ಲಿ ನ್ಯೂಯಾರ್ಕಿನ 'ಸನ್' ಪತ್ರಿಕೆ ಒಂದು ಸೆಂಟಿಗೆ ಮಾರಿ, ಓದುಗರನ್ನು ಗುಡ್ಡೆ ಹಾಕಿ, ಆ ಲೆಕ್ಕ ತೋರಿಸಿ ಜಾಹೀರಾತು ಪಡೆಯುವ ದಾರಿ ಹಿಡಿಯಿತು. ಅಲ್ಲಿಂದ ಎಲ್ಲರೂ ಅದೇ ದಾರಿ. ಹಿಂದೆ ಅಂಕೆ ಇಟ್ಟದ್ದು ದಿವಾನರ ಅನುಮತಿ. ಈಗ ಜಾಹೀರಾತು, ಅದರಲ್ಲೂ ಸರ್ಕಾರಿ ಜಾಹೀರಾತು. ಸಣ್ಣ ಪತ್ರಿಕೆಯವರನ್ನು ಕೇಳಿ ನೋಡಿ, ಬಿಲ್ ಪಾಸಾಗುವುದು ಅವರಿಗೆ ಎಷ್ಟು ದೊಡ್ಡ ಸುದ್ದಿ ಅಂತ.

ರೇಡಿಯೊ ಮೈಸೂರಿನಲ್ಲೇ ಶುರುವಾಯಿತಂತೆ?

ದೇಶದಲ್ಲಿ ಮೊದಲನೆಯದಲ್ಲ. ಆದರೆ 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಪ್ರಸಾರ ಶುರು ಮಾಡಿದರು. 'ಆಕಾಶವಾಣಿ' ಅಂತ ಹೆಸರಿಟ್ಟರು, ಆಮೇಲೆ ಇಡೀ ದೇಶದ ರೇಡಿಯೊ ಅದೇ ಹೆಸರನ್ನು ತೆಗೆದುಕೊಂಡಿತು. ಪತ್ರಿಕೆ ಓದಲು ಬಾರದ ಮನೆಗೂ ಸುದ್ದಿ ಹೋಗುವ ದಾರಿ ಹೀಗೆ ತೆರೆಯಿತು.

ಮಂಡ್ಯದ ಪತ್ರಿಕಾ ಇತಿಹಾಸದ ಬಗ್ಗೆ ಯಾರೂ ಹೇಳುವುದೇ ಇಲ್ಲ. ಯಾಕೆ?

ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಮೊದಲಿನದೆಲ್ಲ ಮೈಸೂರು ಜಿಲ್ಲೆಯ ಲೆಕ್ಕಕ್ಕೆ ಹೋಗಿದೆ. ಪತ್ರಿಕೆಗಳು ಅಚ್ಚಾಗುತ್ತಿದ್ದುದು ಮೈಸೂರು, ಬೆಂಗಳೂರಿನಲ್ಲಿ, ಸುದ್ದಿ ಮಾತ್ರ ಮಂಡ್ಯದ್ದು. 1938ರ ಏಪ್ರಿಲ್‌ನಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಬಾವುಟ ಹಾರಿಸಿದರು. ಸಂಸ್ಥಾನದ ಪತ್ರಿಕೆಗಳಿಗೆ ಇದು ದಿವಾನರನ್ನು ಟೀಕಿಸುವಷ್ಟಕ್ಕೆ ನಿಲ್ಲುವ ಸುದ್ದಿಯಾಗಿರಲಿಲ್ಲ, ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರವನ್ನೇ ಕೇಳುವ ಸುದ್ದಿ.

ಕಾವೇರಿ, ಕಬ್ಬಿನ ಬಿಲ್ಲು, ಸಕ್ಕರೆ ಕಾರ್ಖಾನೆ, ನಾಲೆ ನೀರು. ಈ ವಿಷಯಗಳಲ್ಲಿ ಮಂಡ್ಯದ ವರದಿಗಾರರಷ್ಟು ಪಳಗಿದವರು ಕಡಿಮೆ. ಕನ್ನಂಬಾಡಿಯ ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಷೇರು ಪೇಟೆಯ ಅಂಕಿಗಿಂತ ಗಂಭೀರವಾಗಿ ಓದುವ ಜಿಲ್ಲೆ ಇದು.

1947ರಲ್ಲಿ ಮೈಸೂರಿನ ಪತ್ರಿಕೆಗಳಿಗೆ ಏನಾಯಿತು?

ದೇಶಕ್ಕೆ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂತು, ಮೈಸೂರಿನಲ್ಲಿ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಯುತ್ತಿತ್ತು. ಇಂದಿನ ರಾಮಸ್ವಾಮಿ ವೃತ್ತದ ಬಳಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದದ್ದು ಆಗಲೇ. ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿತು. ಕೆಲವು ಪತ್ರಿಕೆಗಳು ಸಂಸ್ಥಾನದ ಗಡಿ ದಾಟಿ ಹಿಂದೂಪುರದಿಂದ ಅಚ್ಚಾಗಿ ಬಂದವು. ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ 'ಡೆಕ್ಕನ್ ಹೆರಾಲ್ಡ್' ಮತ್ತು 'ಪ್ರಜಾವಾಣಿ' ಶುರುವಾದವು. ದೊಡ್ಡ ಬಂಡವಾಳದ ದಿನಪತ್ರಿಕೆಗಳ ಕಾಲ ಬಂತು. ಒಬ್ಬ ಮೇಷ್ಟ್ರು ಏಳೆಂಟು ಪತ್ರಿಕೆ ನಡೆಸುವ ಕಾಲ ಮುಗಿಯಿತು.

ತುರ್ತು ಪರಿಸ್ಥಿತಿ?

1975ರ ಜೂನ್ 25ರ ರಾತ್ರಿ. ದಿಲ್ಲಿಯಲ್ಲಿ ಪತ್ರಿಕಾ ಕಚೇರಿಗಳ ಕರೆಂಟನ್ನೇ ತೆಗೆದರು. ಆಮೇಲೆ ಸೆನ್ಸಾರ್. 'ಇಂಡಿಯನ್ ಎಕ್ಸ್‌ಪ್ರೆಸ್' ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು. 1799ರ ವೆಲ್ಲೆಸ್ಲಿಯ ನಿಯಮದ ಪಕ್ಕದಲ್ಲಿಟ್ಟು ಓದಿದರೆ ಹೊಸದೇನೂ ಕಾಣುವುದಿಲ್ಲ.

ಸಂಸ್ಕೃತದಲ್ಲಿ ದಿನಪತ್ರಿಕೆ ಮೈಸೂರಿನಲ್ಲಿ ಇದೆ ಅನ್ನುವುದು ತಮಾಷೆನಾ?

ತಮಾಷೆ ಅಲ್ಲ. 'ಸುಧರ್ಮಾ'. 1970ರಲ್ಲಿ ಕಳಲೆ ನಡಾದೂರು ವರದರಾಜ ಅಯ್ಯಂಗಾರ್ ಶುರು ಮಾಡಿದರು. ನಂತರ ಮಗ ಸಂಪತ್‌ಕುಮಾರ್ ಮತ್ತು ಸೊಸೆ ಜಯಲಕ್ಷ್ಮಿ ನಡೆಸಿದರು. 2020ರಲ್ಲಿ ಇಬ್ಬರಿಗೂ ಪದ್ಮಶ್ರೀ ಘೋಷಣೆಯಾಯಿತು, ಮರುವರ್ಷ ಸಂಪತ್‌ಕುಮಾರ್ ತೀರಿಕೊಂಡರು. ಅಗ್ರಹಾರದ ಸಣ್ಣ ಅಚ್ಚುಕೂಟದಿಂದ ಹೆಚ್ಚಿನ ಪ್ರತಿಗಳು ಅಂಚೆಯಲ್ಲೇ ಹೋಗುತ್ತವೆ. 1605ರ ಸ್ಟ್ರಾಸ್‌ಬರ್ಗ್‌ನ ವ್ಯಾಪಾರ ಕ್ರಮ ಇವತ್ತಿಗೂ ನಡೆಯುತ್ತಿರುವ ಜಾಗ ಇದು.

ಇಷ್ಟೊಂದು ರಾಜ್ಯಮಟ್ಟದ ಪತ್ರಿಕೆಗಳಿರುವಾಗ ಮೈಸೂರಿನ ಸ್ಥಳೀಯ ಪತ್ರಿಕೆಗಳು ಹೇಗೆ ಉಳಿದವು?

ರಾಜಶೇಖರ ಕೋಟಿ ಅವರ 'ಆಂದೋಲನ' 1972ರಲ್ಲಿ ಧಾರವಾಡದಲ್ಲಿ ಹುಟ್ಟಿ ಮೈಸೂರಿಗೆ ಬಂದು ಇಲ್ಲಿನದೇ ಆಯಿತು. 1978ರಲ್ಲಿ ಕೆ.ಬಿ. ಗಣಪತಿ 'ಸ್ಟಾರ್ ಆಫ್ ಮೈಸೂರ್' ಎಂಬ ಇಂಗ್ಲಿಷ್ ಸಂಜೆ ಪತ್ರಿಕೆ, ಜೊತೆಗೆ ಕನ್ನಡದ 'ಮೈಸೂರು ಮಿತ್ರ' ಕಟ್ಟಿದರು. ಇವು ಉಳಿದದ್ದು ಬೆಂಗಳೂರಿನವರಿಗೆ ಸುದ್ದಿ ಅನ್ನಿಸದ್ದನ್ನು ಸುದ್ದಿ ಮಾಡಿ. ಯಾವ ಬಡಾವಣೆಗೆ ನೀರಿಲ್ಲ, ದೇವರಾಜ ಮಾರುಕಟ್ಟೆ ಕೆಡವಬೇಕೋ ಉಳಿಸಬೇಕೋ, ಯಾರು ತೀರಿಕೊಂಡರು. ನಿಧನವಾರ್ತೆಯ ಕಾಲಂ ಇರುವವರೆಗೆ ಸ್ಥಳೀಯ ಪತ್ರಿಕೆಗೆ ಸಾವಿಲ್ಲ ಅಂತ ಈ ಊರಿನಲ್ಲಿ ಒಂದು ಜೋಕ್ ಹೇಳಬಹುದು.

ಪತ್ರಿಕೋದ್ಯಮವನ್ನು ಕಾಲೇಜಿನಲ್ಲಿ ಕಲಿಸಲು ಶುರು ಮಾಡಿದ್ದು ಯಾವಾಗ?

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ. ನಾಡಿಗ ಕೃಷ್ಣಮೂರ್ತಿ ಕಟ್ಟಿ ಬೆಳೆಸಿದ ವಿಭಾಗ. ದೇಶದ ಹಳೆಯ ಪತ್ರಿಕೋದ್ಯಮ ವಿಭಾಗಗಳಲ್ಲಿ ಒಂದು. ಆಗ ಎಷ್ಟೋ ಸಂಪಾದಕರು ನಗುತ್ತಿದ್ದರು, ವರದಿಗಾರಿಕೆಯನ್ನು ಬೆಂಚಿನ ಮೇಲೆ ಕೂತು ಕಲಿಯೋದಾ ಅಂತ. ಅವರ ಕಚೇರಿಗಳಿಗೆ ಆಮೇಲೆ ಬಂದು ಕೂತವರು ಅಲ್ಲಿ ಓದಿದವರೇ.

ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಸಂಪಾದಕರು, ಮುದ್ರಕರು, ಪ್ರಕಾಶಕರು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಯಾಕೆ?

ಕಾನೂನಿನ ಬೇಡಿಕೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಕಾಲದಿಂದ ನಡೆದುಬಂದದ್ದು, ಅದರ ಬೇರು 1799ರ ನಿಯಮದಲ್ಲೇ ಕಾಣುತ್ತದೆ. ಕೇಸು ಹಾಕಬೇಕಾದರೆ ಯಾರ ಮೇಲೆ ಹಾಕಬೇಕು ಅಂತ ಗೊತ್ತಾಗಲು. 2023ರಲ್ಲಿ ಹೊಸ ಕಾಯ್ದೆ ಬಂದು ಹಳೆಯದರ ಜಾಗ ತೆಗೆದುಕೊಂಡಿತು.

ಮೊಬೈಲ್ ಹಿಡಿದು ಯೂಟ್ಯೂಬ್ ಚಾನೆಲ್ ಮಾಡುವವರೂ ಪತ್ರಕರ್ತರಾ?

ಕೆಲವರು ಹೌದು, ಕೆಲವರು ಅಲ್ಲ. ಸಾಧನದಿಂದ ಅದು ತೀರ್ಮಾನ ಆಗುವುದಿಲ್ಲ. ಕೇಳಿದ್ದನ್ನು ಇನ್ನೊಬ್ಬರ ಹತ್ತಿರ ಖಚಿತ ಮಾಡಿಕೊಂಡರಾ, ಆರೋಪ ಹೊತ್ತವರ ಮಾತನ್ನೂ ಕೇಳಿದರಾ, ತಪ್ಪಾದರೆ ತಿದ್ದುತ್ತಾರಾ, ಅಡಿಯಲ್ಲಿ ಹೆಸರು ಹಾಕುತ್ತಾರಾ. ಇಷ್ಟು ಕೇಳಿ. ಇದೇ ಪ್ರಶ್ನೆಗಳನ್ನು ದೊಡ್ಡ ಚಾನೆಲ್‌ಗಳಿಗೂ ಕೇಳಬೇಕು ಅಲ್ವಾ? ಅಲ್ಲಿ ಎಷ್ಟು ಜನ ಪಾಸಾಗುತ್ತಾರೋ.

ಹಳೆಯ ಪತ್ರಿಕೆಗಳನ್ನು ಮೈಸೂರಿನಲ್ಲಿ ಎಲ್ಲಿ ನೋಡಬಹುದು?

ಮಾನಸಗಂಗೋತ್ರಿಯ ವಿಶ್ವವಿದ್ಯಾನಿಲಯದ ಗ್ರಂಥಾಲಯದಿಂದ ಶುರು ಮಾಡಿ. ಸಂಸ್ಥಾನದ ಕಾಲದ ಕಡತಗಳಿಗೆ ರಾಜ್ಯ ಪತ್ರಾಗಾರ ಇಲಾಖೆಯ ಮೈಸೂರು ಕಚೇರಿ ಇದೆ. ಹೋಗುವ ಮೊದಲು ಕಾಲೇಜಿನಿಂದ ಪತ್ರ, ಗುರುತಿನ ಚೀಟಿ ಇಟ್ಟುಕೊಳ್ಳಿ. ಹಳೆಯ ಕಾಗದ ಮುಟ್ಟಿದರೆ ಪುಡಿಯಾಗುತ್ತದೆ, ಪುಟವನ್ನು ಮೂಲೆ ಹಿಡಿದು ಎಳೆಯಬೇಡಿ, ಅಂಗೈ ಕೊಟ್ಟು ತಿರುಗಿಸಿ. ಸುದ್ದಿಯ ಜೊತೆ ಜಾಹೀರಾತನ್ನೂ ಓದಿ. ಆ ಪತ್ರಿಕೆಗೆ ದುಡ್ಡು ಕೊಟ್ಟವರು ಯಾರು ಅಂತ ಸಂಪಾದಕೀಯದಲ್ಲಿ ಸಿಗುವುದಿಲ್ಲ, ಅಲ್ಲಿ ಸಿಗುತ್ತದೆ.